ನಿನ್ನೆಯ ನೀರು, ಇಂದಿನ ಜಳಕ

ಹೊತ್ತು ಮೂಡುವ ಮೊದಲೇ ಮಾಳಿಗೆ ಏರಬೇಕು. ಬಿಸಿಲು ಬಿತ್ತೆಂದರೆ ನೀರು ಕಾಯಿಸುವ ಸೋಲಾರಿನ ಗಾಜಿನ ನಳಿಗೆಗಳು ಕಾಯುತ್ತವೆ, ಕಾದ ಗಾಜಿನೊಳಗೆ ತಣ್ಣೀರು ಹೋದರೆ ಫಟ್ಟೆಂದು ಸೀಳುತ್ತದೆ. ಅದಕ್ಕೇ ಜೇವರ್ಗಿ ತಾಲ್ಲೂಕಿನ ಕೊಳಕೂರಿನ ಅಮೋಘಸಿದ್ದ ಕೋಳಿ ಕೂಗುವ ಹೊತ್ತಿಗಾಗಲೇ ಅಂದೋಲಾದ ಒಂದು ಮನೆಯ ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ತಲೆಗೆ ಟವೆಲ್ಲು, ಕೈಯಲ್ಲಿ ಸಾಬೂನಿನ ನೀರು. ನಳಿಗೆಯನ್ನು ಮಗುವಿನ ಕಾಲು ಹಿಡಿದಂತೆ ಮೆಲ್ಲಗೆ ತಿರುವಿ ಹೊರಗೆಳೆಯುತ್ತಾರೆ, ಬೋರಲು ಹಾಕಿ ಅಂಗೈಯಿಂದ ತಟ್ಟುತ್ತಾರೆ. ಒಳಗಿನಿಂದ ಬಿಳಿಯ ಸುಣ್ಣದ ಹೆಕ್ಕಳಿಕೆ ಉದುರುತ್ತದೆ.

ಈ ಭಾಗದ ಬೋರಿನ ನೀರು ಸವಳು. ವರ್ಷಕ್ಕೊಮ್ಮೆಯಾದರೂ ತೊಳೆಯದಿದ್ದರೆ ಸುಣ್ಣ ಕಟ್ಟಿ ಸೋಲಾರು ಕೆಲಸಕ್ಕೆ ಬಾರದಂತಾಗುತ್ತದೆ. ಏಣಿಯ ಬುಡ ಹಿಡಿದು ನಿಂತಿರುವ ಹಫೀಜ ಅವರ ಜೊತೆಗಾರ. ಪೈಪು, ನಲ್ಲಿಯ ಕೆಲಸ ಇವರದು. ಬೆಳಕು ಹರಿಯುವುದರೊಳಗೆ ಒಂದು ಮನೆ, ಬಿಸಿಲೇರುವುದರೊಳಗೆ ಇನ್ನೊಂದು. ಆಮೇಲಿನ ಹೊತ್ತು ಹೊಸ ಸೋಲಾರು ಕೂಡಿಸಲಿಕ್ಕೆ. ಜೇವರ್ಗಿ, ಅಫಜಲಪುರದ ಹಳ್ಳಿಗಳು ಮುಗಿದರೆ ಆಳಂದ ದಾಟಿ ಖಜೂರಿಯವರೆಗೂ ಇವರ ಬೈಕು ಓಡುತ್ತದೆ. ಸುತ್ತಿನ ಊರುಗಳಲ್ಲಿ ಇವರ ಕೈಯಿಂದ ಮಾಳಿಗೆ ಏರಿದ ನೀರಿನ ಟಾಕಿಗಳು ನೂರಕ್ಕೆ ಕಡಿಮೆಯಿಲ್ಲ. ಆದರೂ ಇವರ ಹೆಸರು ಯಾರಿಗೂ ಗೊತ್ತಿಲ್ಲ. ‘ಸೋಲಾರದಂವ ಬಂದಾನ’ ಎಂದರೆ ಮುಗಿಯಿತು.

ಕೆಲಸ ಮುಗಿಸಿ ಇಳಿದ ಅಮೋಘಸಿದ್ದ ಚಹಾಕ್ಕೆ ಕೂಡುವುದಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ, ಮನೆಯ ಸೊಸೆಯನ್ನು ಕರೆದು, ದನಿ ತಗ್ಗಿಸಿ ಕೇಳುತ್ತಾರೆ: “ತಂಗಿ, ಮನ್ಯಾಗ ಅತ್ತಿಯವರು ಮುಂಜಾನಿ ಯಾವ ನೀರ ಹಾಕ್ಕೋತಾರವ್ವಾ? ಖರೇ ಹೇಳ್ರಿ.”

ಸೊಸೆ ಕಕ್ಕಾಬಿಕ್ಕಿಯಾಗುತ್ತಾಳೆ. ಪೈಪು ಜೋಡಿಸುವವನಿಗೆ ಮುದುಕಿಯ ಜಳಕದ ಉಸಾಬರಿ ಏಕೆ? ಕೇಳಿದರೆ ಅಮೋಘಸಿದ್ದ ನಕ್ಕುಬಿಡುತ್ತಾರೆ. ಆದರೆ ಆ ಪ್ರಶ್ನೆ ಕೇಳದೆ ಬೈಕು ಹತ್ತುವುದಿಲ್ಲ.

ಇದು ಮೊದಲಿನಿಂದ ಬಂದ ರೂಢಿಯಲ್ಲ. ಗೌಂಡಿಗಳ ಕೈಕೆಳಗೆ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೊರುತ್ತಿದ್ದ ಅಮೋಘಸಿದ್ದ, ಜೇವರ್ಗಿಯಲ್ಲಿ ಹಫೀಜನ ಗೆಳೆತನವಾದ ಮೇಲೆ ಈ ಕಸುಬಿಗೆ ಬಿದ್ದವರು. ಆಗ ಊರಲ್ಲೆಲ್ಲ ಹಂಡೆಯ ನೀರು. ಸುಗ್ಗಿಯ ರಾಶಿ ಮುಗಿದ ಮೇಲೆ ಪ್ರತಿ ಮನೆಯ ಹಿತ್ತಲಲ್ಲಿ ತೊಗರಿಕಟ್ಟಿಗೆಯ ಬಣವೆ. ತೊಗರಿಕಟ್ಟಿಗೆಯ ಗುಣ ಬಲ್ಲವರಿಗೇ ಗೊತ್ತು: ಭರ್ರನೆ ಹತ್ತಿ ಭರ್ರನೆ ಬೂದಿಯಾಗುತ್ತದೆ. ಒಲೆಯ ಬಾಯಿ ಬಿಟ್ಟು ಏಳುವ ಹಾಗಿಲ್ಲ, ತುರುಕುತ್ತಲೇ ಇರಬೇಕು. ಜಳಕ ಮಾಡಿ ಘಮಘಮ ಎನ್ನುತ್ತ ಬರುವವರು ಗಂಡಸರು, ಹೊಗೆ ಕುಡಿಯುವವರು ಹೆಂಗಸರು. ಅಮೋಘಸಿದ್ದರ ತಾಯಿ ಗುರಮ್ಮ ಮದುವೆಯಾಗಿ ಬಂದ ಮರುದಿನದಿಂದ ಆ ಒಲೆಯ ಮುಂದೆಯೇ ಕುಳಿತವರು.

“ನಮ್ಮವ್ವನ ಸಲುವಾಗೇ ಈ ಕೆಲಸ ಕಲ್ತೆ ಅಂದ್ರ ಸುಳ್ಳಾಗ್ತದ್ರಿ” ಎನ್ನುತ್ತಾರೆ ಅಮೋಘಸಿದ್ದ. “ಹೊಟ್ಟಿಗಾಗಿ ಕಲ್ತೆ. ಆದ್ರ ಕೈಗೆ ಕೆಲಸ ಹತ್ತಿದ ಮ್ಯಾಲ ಮೊದಲನೇದು ನಮ್ಮ ಮಾಳಗಿಗೇ ಏರ್ಸಿದೆ.”

ಏರಿಸಿದ್ದೇನೋ ಏರಿಸಿದರು. ಮರುದಿನ ಬಚ್ಚಲಿನ ನಲ್ಲಿ ತಿರುವಿದರೆ ಹಬೆಯಾಡುವ ನೀರು. ಮಗ ಹಿಗ್ಗಿ ಹೀರೇಕಾಯಿಯಾಗಿದ್ದಾನೆ. ತಾಯಿ ಬೆರಳು ಅದ್ದಿ ನೋಡಿ ಒಂದೇ ಮಾತು ಕೇಳಿದರು, ಇದು ಯಾವಾಗಿನ ನೀರು ಎಂದು. ನಿನ್ನೆ ತುಂಬಿದ್ದು, ಹಗಲೆಲ್ಲ ಬಿಸಿಲಿಗೆ ಕಾದದ್ದು ಎಂದ ಮಗ. ಹಾಗಾದರೆ ನಿನ್ನೆಯ ನೀರು, ಇದರಲ್ಲಿ ಜಳಕ ಮಾಡಿ ದೇವರ ಮುಂದೆ ಹೇಗೆ ನಿಲ್ಲಲಿ ಎಂದವರೇ ಗುರಮ್ಮ ಹೊರಗೆ ನಡೆದರು. ಅವರ ಮನೆಯಲ್ಲಿ ದಿನಾ ಬೆಳಗ್ಗೆ ಕೊಡದ ನೀರು ಚೆಲ್ಲಿ ಹೊಸ ನೀರು ತುಂಬುವುದು ತಲೆತಲಾಂತರದ ಪದ್ಧತಿ. ರಾತ್ರಿ ದಾಟಿದ ನೀರು ಮುಸುರೆ ತಿಕ್ಕಲಿಕ್ಕೆ ಸರಿ, ದೇವರ ಜಗುಲಿಯ ಮುಂದೆ ದೀಪ ಹಚ್ಚುವವರ ಮೈಗೆ ಸಲ್ಲದು. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ, ಕಟ್ಟೆಯ ಮೇಲೆ ಕುಳಿತು ಊರವರಿಗೂ ಹೇಳಿ ನಗಿಸಿದ. ಗುರಮ್ಮ ಮತ್ತೆ ಆ ಮಾತೆತ್ತಲಿಲ್ಲ. ಸೋಲಾರಿನ ನೀರು ಮಗ, ಸೊಸೆ, ಮೊಮ್ಮಕ್ಕಳಿಗಾಯಿತು. ಗುರಮ್ಮನಿಗೆ ಹಂಡೆ, ಒಲೆ, ಹೊಗೆ.

ಇದು ಗುರಮ್ಮ ಒಬ್ಬರ ಮಾತಲ್ಲ ಎಂದು ತಿಳಿದದ್ದು ಖಜೂರಿಯಲ್ಲಿ. ಅಲ್ಲಿನ ರೇವಮ್ಮ ಎಂಬ ಹಿರಿಯರ ಮನೆಯಿಂದ ಮೇಲಿಂದ ಮೇಲೆ ಫೋನು: ಸೋಲಾರು ಕಾಯುವುದೇ ಇಲ್ಲ. ಜೊತೆಗಾರರಿಬ್ಬರೂ ಹೋಗಿ ವಾಷರು ಬದಲಿಸಿದರು, ನಳಿಗೆ ಬದಲಿಸಿದರು, ಟಾಕಿಯ ದಿಕ್ಕನ್ನೇ ಬದಲಿಸಿದರು. ಊಹೂಂ. ಕೊನೆಗೆ ಹಫೀಜನ ಕಣ್ಣಿಗೆ ಬಿದ್ದದ್ದು ಹಿತ್ತಲಿನ ಕರಿಬೇವಿನ ಗಿಡ. ನೀರು ಹರಿದ ಗುರುತು ಹಸಿಯಾಗಿದೆ, ಗಿಡ ಮಾತ್ರ ಬೆಂದು ಕಪ್ಪಾಗಿದೆ. ರೇವಮ್ಮ ದಿನಾ ನಸುಕಿನಲ್ಲೆದ್ದು ಟಾಕಿಯ ಬಿಸಿನೀರನ್ನೆಲ್ಲ ಗಿಡಕ್ಕೆ ಬಿಟ್ಟು, ಮೋಟಾರು ಹಚ್ಚಿ ಹೊಸ ನೀರು ಏರಿಸುತ್ತಿದ್ದರು! ಮಗ ಆಸೆಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ? ಹಾಗೆಂದು ನಿನ್ನೆಯ ನೀರು ಮೈಮೇಲೆ ಹಾಕಿಕೊಳ್ಳುವುದು ಹೇಗೆ? ಪಾಪ, ಮುದುಕಿ ಎರಡೂ ಕಡೆ ಸಂಭಾಳಿಸಿದ್ದರು.

ಆಮೇಲೆ ಕೆದಕಿ ಕೇಳಿದರೆ ಇಂಥ ಮನೆಗಳು ಹತ್ತಾರು. ಅಮೋಘಸಿದ್ದರಿಗೆ ತಲೆ ಕೆಟ್ಟುಹೋಯಿತು. ನೀರಿಗೇನು ತಾರೀಖು ಇರುತ್ತದೆಯೇ ಎಂದು ಹೋದಲ್ಲೆಲ್ಲ ಭಾಷಣ. ಬಾವಿಯ ನೀರು ಎಂದಿನದು, ಹೊಳೆಯ ನೀರು ಎಂದಿನದು ಎಂದು ವಾದ. ವಾದದಲ್ಲಿ ಗೆದ್ದರು. ಗೆದ್ದು ಏನು ಬಂತು? ಮುದುಕಿಯರು ಹೂಂ ಎಂದು ತಲೆಯಾಡಿಸಿ, ಇವರ ಬೈಕು ಓಣಿ ದಾಟಿದ ಕೂಡಲೇ ತಮ್ಮ ಪದ್ಧತಿ ತಾವು ಮಾಡಿಕೊಂಡರು.

ಎರಡು ವರ್ಷದ ಹಿಂದೆ ಗುರಮ್ಮನ ಕೆಮ್ಮು ಜೋರಾಯಿತು. ಕಲಬುರಗಿಗೆ ಕರೆದೊಯ್ದರೆ ಡಾಕ್ಟರು ಎದೆಯ ಫೋಟೋ ನೋಡಿ, ನಿಮ್ಮ ತಾಯಿ ಬೀಡಿ ಸೇದುತ್ತಾರೇನು ಎಂದು ಕೇಳಿದರು. ಇನ್ನು ಹೊಗೆ ಹತ್ತಿರ ಸುಳಿಯಕೂಡದು ಎಂದರು. ದೀಪಾವಳಿ ಆಗಷ್ಟೇ ಮುಗಿದಿತ್ತು. ಒಂದು ಮಧ್ಯಾಹ್ನ ತಾಯಿ ನೆಂಟರ ಮನೆಗೆ ಹೋದ ಹೊತ್ತು ನೋಡಿ ಅಮೋಘಸಿದ್ದ ಹಾರೆ ತಂದು ಬಚ್ಚಲ ಒಲೆಯನ್ನು ಒಡೆದು ಹಾಕಿದರು. ಹಂಡೆ ಒಯ್ದು ಅಟ್ಟಕ್ಕೆ ಹಾಕಿದರು. ಮನೆಗೆ ಬಂದ ಗುರಮ್ಮ ಒಡೆದ ಮಣ್ಣು ನೋಡಿದರು. ಕೂಗಾಡಲಿಲ್ಲ, ಅಳಲಿಲ್ಲ. ಮಗ ನಿರಾಳನಾದ. ಒಲೆ ಇಲ್ಲವೆಂದ ಮೇಲೆ ಸೋಲಾರಿನ ನೀರಿಗೆ ಬರಲೇಬೇಕಲ್ಲ, ಬಂದಿದ್ದಾರೆ ಎಂದುಕೊಂಡ.

ಮಗ ನೋಡುವುದಾದರೂ ಎಲ್ಲಿಂದ? ತಾಯಿ ಜಳಕ ಮಾಡುವ ಹೊತ್ತಿಗೆ ಅವನು ಯಾರದೋ ಮಾಳಿಗೆಯ ಮೇಲೆ ಯಾರದೋ ತಾಯಿಯ ಬಿಸಿನೀರಿನ ಚಿಂತೆಯಲ್ಲಿ ಇರುತ್ತಿದ್ದ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ. ಪುಷ್ಯ ಮಾಸದ ಒಂದು ಬೆಳಗ್ಗೆ ಮಂಜು ಕವಿದು ದಾರಿ ಕಾಣದೆ ಮನೆಯಲ್ಲೇ ಉಳಿದಾಗ, ಬಚ್ಚಲಿನಿಂದ ತಾಯಿ ಹೊರಬಂದದ್ದನ್ನು ಅಮೋಘಸಿದ್ದ ಕಂಡರು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಆಗಷ್ಟೇ ಸೇದಿ ತಂದ ತಣ್ಣೀರು, ಕೊಡಗಟ್ಟಲೆ. ಒಲೆ ಒಡೆದ ದಿನದಿಂದಲೂ ಅದೇ. ತಲೆಯ ಮೇಲಿನ ಮಾಳಿಗೆಯಲ್ಲಿ ಇನ್ನೂರು ಲೀಟರು ಬಿಸಿನೀರು ತುಂಬಿಕೊಂಡು ನಿಂತಿತ್ತು. ಹೆಂಡತಿ ಚಂದಮ್ಮನ ಮೇಲೆ ರೇಗಿದರೆ ಆಕೆ, ಹೇಳಕೂಡದೆಂದು ಅತ್ತೆ ಆಣೆ ಹಾಕಿಸಿದ್ದರು ಎಂದು ಅತ್ತರು.

ತಾಯಿಯ ಕಾಲು ಹಿಡಿದದ್ದಾಯಿತು. ಗುರಮ್ಮ ಹೇಳಿದ್ದು ಇಷ್ಟೇ: “ಒಲಿ ಒಡದಿ, ನಾ ಏನೂ ಅನಲಿಲ್ಲ. ನನ್ನ ಜಳಕದಾಗ ಕೈ ಹಾಕಬ್ಯಾಡ, ತಮ್ಮಾ.”

ಅಂದಿನಿಂದ ಅಮೋಘಸಿದ್ದ ಗ್ಯಾಸಿನ ಮೇಲೆ ಹೊಸ ನೀರು ಕಾಯಿಸಿಟ್ಟು ಹೋಗತೊಡಗಿದರು. ಮಗ ಮರೆಯಾದ ಮೇಲೆ, ಒಬ್ಬಳ ಜಳಕಕ್ಕೆ ಸಿಲಿಂಡರು ಸುಡುವುದೇ ಎಂದು ಗುರಮ್ಮ ಆ ನೀರನ್ನು ಮೊಮ್ಮಕ್ಕಳಿಗೆ ಕೊಟ್ಟು ಮತ್ತೆ ತಣ್ಣೀರಿಗೇ ಹೋಗುತ್ತಿದ್ದರು. ಕರೆಂಟಿನ ಕಾಯಿಲ್ ತಂದರೆ ಆ ಹೊತ್ತಿಗೆ ಕರೆಂಟೇ ಇರುತ್ತಿರಲಿಲ್ಲ. ನೆಗಡಿ ಎದೆಗಿಳಿಯಿತು.

ಸಂಕ್ರಾಂತಿ ಮುಗಿದ ಮರುವಾರ ಅಂದೋಲಾದ ಕಸ್ತೂರಿಬಾಯಿಯವರ ಮನೆಯಲ್ಲಿ ಸೋಲಾರು ತೊಳೆಯುವ ಕೆಲಸ ಬಂತು. ಲಿಂಗಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕದ ಹಿರಿಯರು ಅವರು. ವಿಚಿತ್ರವೆಂದರೆ ಆ ಮನೆಯಿಂದ ಒಂದು ದಿನವೂ ದೂರು ಬಂದದ್ದಿಲ್ಲ. ಅಲ್ಲಿನ ಟಾಕಿಯ ಮೇಲೆ ಪ್ರತಿ ಸಲವೂ ಏನೋ ಹಳದಿ ಕಲೆ ಇರುತ್ತಿತ್ತು, ಅಮೋಘಸಿದ್ದ ಪ್ರತಿ ಸಲವೂ ಹಕ್ಕಿಯ ಹೊಲಸೆಂದು ತಿಕ್ಕಿ ತೆಗೆಯುತ್ತಿದ್ದರು. ಆ ದಿನ ಏಣಿಯ ಕೆಳಗೆ ನಿಂತ ಕಸ್ತೂರಿಬಾಯಿಯೇ ತಡೆದರು, ಅರಿಷಿಣ ಅಳಿಸಬೇಡ ಎಂದು. ಯಾತರ ಅರಿಷಿಣ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಅಮೋಘಸಿದ್ದ ಇವತ್ತಿಗೂ ಅಕ್ಷರ ತಪ್ಪದೆ ಒಪ್ಪಿಸುತ್ತಾರೆ:

“ದೀಪಾವಳ್ಯಾಗ ನೀರ ತುಂಬೋ ಹಬ್ಬದ ಸಂಜೀಗಿ ಪೂಜಿ ಮಾಡಿ ಹಂಡೆ ತುಂಬಸ್ತೀವಿ. ಮರುದಿನ ನಸುಕಿನ್ಯಾಗ ಅದೇ ನೀರ ಹಾಕ್ಕೋತೀವಿ. ಅವತ್ತ ಯಾರರ ಅದನ್ನ ನಿನ್ನಿನ ನೀರಂತಾರೇನಪಾ? ಪೂಜಿ ಮಾಡಿ ತುಂಬಿದ್ರ ಅದು ಗಂಗವ್ವ. ನಾ ದಿನಾ ಸಂಜಿಗಿ ಕಾದ ಟಾಕಿಗಿ ಅರಿಷಿಣ ಹಚ್ಚಿ ಅಷ್ಟ ಪೂಜಿ ಮಾಡ್ತೇನಿ.”

ಅಮೋಘಸಿದ್ದ ನಳಿಗೆಯನ್ನು ಅಲ್ಲೇ ಹಫೀಜನ ಕೈಗೆ ಕೊಟ್ಟು ಬೈಕು ಹತ್ತಿದರು. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು. ಆ ಹಬ್ಬ ತಮ್ಮ ಮನೆಯಲ್ಲೂ ಇದೆ. ಒಲೆ ಒಡೆಯುವ ಕೆಲವೇ ದಿನ ಮೊದಲು ತಾಯಿ ಹಂಡೆಗೆ ಸುಣ್ಣದ ಪಟ್ಟಿ ಬಳಿದು, ಹಿಂಡಲಕಾಯಿ ಬಳ್ಳಿ ಸುತ್ತಿ, ಸಂಜೆಯೇ ನೀರು ತುಂಬಿಸಿದ್ದನ್ನು ಕಣ್ಣಾರೆ ಕಂಡಿದ್ದಾರೆ. ಆ ನೀರಲ್ಲಿ ತಾವೂ ಎಣ್ಣೆಸ್ನಾನ ಮಾಡಿದ್ದಾರೆ. ಕಂಡೂ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ.

ಗುರಮ್ಮ ಹಾಸಿಗೆಯ ಮೇಲೆ ಕುಳಿತು ಮಗನ ಮಾತು ಪೂರ್ತಿ ಕೇಳಿದರು. ಹೌದು, ಅದು ನಡೆಯುತ್ತದೆ ಎಂದರು. ಏಣಿ ಹತ್ತುವ ಉಸಿರು ಅವರಲ್ಲಿ ಉಳಿದಿರಲಿಲ್ಲ. ಆ ಸಂಜೆ ಸೊಸೆಯ ಕೈಯಲ್ಲಿ ಮಾಳಿಗೆಗೆ ಅರಿಷಿಣ ಕುಂಕುಮ ಕಳಿಸಿ, ತಾವು ಬಚ್ಚಲಿನ ನಲ್ಲಿಗೇ ಕೈಮುಗಿದರು. ಮರುದಿನ ಅಮೋಘಸಿದ್ದ ಕೆಲಸಕ್ಕೆ ಹೋಗಲಿಲ್ಲ. ಬಚ್ಚಲಿನ ಹೊರಗೆ ಕುಳಿತು ತಂಬಿಗೆಯ ಸಪ್ಪಳ ಕೇಳಿದರು.

ಆ ಬಿಸಿನೀರು ಗುರಮ್ಮನಿಗೆ ದಕ್ಕಿದ್ದು ಶಿವರಾತ್ರಿಯ ತನಕ. ಎದೆ ಅಷ್ಟರಲ್ಲಿ ಪೂರ್ತಿ ಹಾಳಾಗಿತ್ತು. ಹೊಗೆಯಿಂದ ಎಷ್ಟು, ತಣ್ಣೀರಿನಿಂದ ಎಷ್ಟು ಎಂದು ಡಾಕ್ಟರು ಹೇಳಲಿಲ್ಲ, ಮಗ ಕೇಳಲಿಲ್ಲ. ಹಫೀಜ ಮಾತ್ರ ಗೆಳೆಯನ ಬಗ್ಗೆ ಒಂದು ಮಾತು ಹೇಳುತ್ತಾರೆ: “ಅಮ್ಮಾ ಹೋದ ಮ್ಯಾಲ ಇಂವ ವಾದ ಮಾಡೋದು ಬಿಟ್ಟಾನ್ರಿ. ಬರೇ ಕೇಳ್ತಾನ.”

ಈಗ ಹೊಸ ಸೋಲಾರು ಕೂಡಿಸಿದ ಸಂಜೆ ಮೊದಲ ನೀರು ಏರಿಸುವುದು ಆ ಮನೆಯ ಹಿರಿಯಳ ಕೈಯಿಂದಲೇ. ಬೇಕೆಂದವರು ಪೂಜೆ ಮಾಡುತ್ತಾರೆ, ಬೇಡವೆಂದವರು ಬಿಡುತ್ತಾರೆ. ಕರಿಬೇವಿನ ಗಿಡಗಳು ಬದುಕಿಕೊಂಡಿವೆ ಎಂದು ಹಫೀಜ ತಮಾಷೆ ಮಾಡುತ್ತಾರೆ. ಖಜೂರಿಯ ರೇವಮ್ಮನೂ ಕಳೆದ ಚಳಿಗಾಲದಿಂದ ಬಿಸಿನೀರಿಗೆ ಬಂದಿದ್ದಾರೆ.

ಸ್ವಂತ ಅಂಗಡಿ ಹಾಕುವ ಆಸೆಯಿಲ್ಲವೇ ಎಂದರೆ ಅಮೋಘಸಿದ್ದ ತಲೆಯಲ್ಲಾಡಿಸುತ್ತಾರೆ. ತಾನು ಸೋಲಾರು ಕೂಡಿಸಿದ ಯಾವ ಮನೆಯಲ್ಲೂ ಯಾವ ಮುದುಕಿಯೂ ಬಾಯಿ ಮುಚ್ಚಿಕೊಂಡು ನಡುಗಬಾರದು, ಅಷ್ಟಾದರೆ ಸಾಕು ಎನ್ನುತ್ತಾರೆ. ಕೈಯಲ್ಲಿದ್ದ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಇನ್ನು ಮಾತು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ತಾವಾಗಿಯೇ ಹೇಳುತ್ತಾರೆ:

“ಅವತ್ತ ಮೊದಲನೇ ದಿನ ಬಿಸಿನೀರ ಹಾಕ್ಕೊಂಡು ಹೊರಗ ಬಂದು ನಮ್ಮವ್ವ ಕೇಳಿದ್ಲರಿ, ‘ಹೊಗಿ ಇಲ್ದ ಇಷ್ಟ ಬೆಚ್ಚಗ ಇರ್ತಿತ್ತೇನೋ ತಮ್ಮಾ, ಇಷ್ಟ ವರ್ಷ?’ ಅಂತ. ಹೂಂ ಅಂದೆ.”