ಬಾಯಾರಿಕೆಯ ಮನೆತನ

ಚನ್ನರಾಯಪಟ್ಟಣದ ಬಾಡಿಗೆ ಮನೆಗೆ ಕಾಲಿಟ್ಟ ದಿನ ನಾನು ಐದನೇ ಚೊಂಬು ನೀರು ಕೇಳಿದಾಗ ಮನೆಯೊಡತಿ ಜಯಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನ್ ಸಾ, ಒಟ್ಟೇಲಿ ಕೆರೆ ಐತಾ?"

ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಕಡೆಯ ತಂಬಿಗೆ ಇಲ್ಲಿ ಚೊಂಬು. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಾಗಿ ಬಂದ ನಾನು ಇಲ್ಲಿ ಮೊದಲು ಕಲಿತ ಪದವೇ ಅದು. ಊರಿನಲ್ಲಿ ನನ್ನ ಬಾಯಾರಿಕೆ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಬಿಸಿಲ ನಾಡು, ಅದರ ಮೇಲೆ ಅವ್ವನ ತವರಿನ ಗಂಡಸರೆಲ್ಲ ಹೀಗೇ ಎನ್ನುತ್ತಿದ್ದರು ಎಲ್ಲರೂ. ಇಲ್ಲಿನ ತಂಪು ಹವೆಯಲ್ಲಿ ಆ ನೆಪ ನಡೆಯಲಿಲ್ಲ.

ಜಯಮ್ಮನೇ ಬೆನ್ನು ಹತ್ತಿ ಹಾಸನದ ಡಾಕ್ಟರ ಬಳಿ ಕಳಿಸಿದರು. ಸಕ್ಕರೆ ಕಾಯಿಲೆಯಲ್ಲ ಎಂದರು ಅವರು. ನೀರು ಉಳಿಸು ಎಂದು ಮಿದುಳು ಒಂದು ಹಾರ್ಮೋನು ಕಳಿಸುತ್ತದೆ. ಮೂತ್ರಪಿಂಡದ ಜೀವಕೋಶಗಳ ಮೇಲಿನ ಗ್ರಾಹಕವೆಂಬ ಪ್ರೋಟೀನು ಅದನ್ನು ಹಿಡಿದು ಒಳಗೆ ಸುದ್ದಿ ಮುಟ್ಟಿಸಬೇಕು. ಆ ಗ್ರಾಹಕವನ್ನು ಕಟ್ಟುವ ಎವಿಪಿಆರ್-2 ಎಂಬ ಜೀನ್ ನನ್ನಲ್ಲಿ ಕೆಟ್ಟಿದೆ; ಕುಡಿದ ನೀರೆಲ್ಲ ಮೂತ್ರವಾಗಿ ಹೊರಟುಹೋಗುತ್ತದೆ. ಕರೆಗಂಟೆ ಎಷ್ಟು ಒತ್ತಿದರೂ ಒಳಗೆ ಕೇಳಿಸದ ಮನೆ ನನ್ನದು. ವರ್ಷವರ್ಷವೂ ಜೀವಕೋಶದ ಪಾಠ ಮಾಡಿದವನಿಗೆ ತನ್ನ ಮೈಯೇ ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು. ಉಪ್ಪು ಕಡಿಮೆ ಮಾಡಿ ಎಂದರು ಡಾಕ್ಟರು. ಅಂದಿನಿಂದ ಜಯಮ್ಮ ಮುದ್ದೆಯ ಜೊತೆ ನನಗೆಂದೇ ಬೇರೆ ಪಾತ್ರೆಯಲ್ಲಿ ಉಪ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿದ ಕಟ್ಟಿನ ಸಾರು, ಉಪ್ಪಿಲ್ಲದೆ ಮಾಡುತ್ತಾರೆ. ಸುಳ್ಳು ಯಾಕೆ ಹೇಳಲಿ, ಬಲು ಸಪ್ಪೆ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಇದು ತಾಯಿಯಿಂದ ಬರುತ್ತದೆ, ಹೆಚ್ಚಾಗಿ ಗಂಡುಮಕ್ಕಳನ್ನು ಹಿಡಿಯುತ್ತದೆ. ನೀರು ಕೇಳಲಾರದ ಕೂಸುಗಳಿಗೆ ಮೈಯ ನೀರು ಬತ್ತಿ ಜ್ವರ, ವಾಂತಿ ಬರುತ್ತದೆ. ಅವ್ವನ ಇಬ್ಬರು ತಮ್ಮಂದಿರು ತೊಟ್ಟಿಲಲ್ಲೇ ಜ್ವರದಿಂದ ತೀರಿಕೊಂಡಿದ್ದರು. ಇಂಡಿಯಲ್ಲಿ ನನ್ನ ತಂಗಿಗೆ ಎರಡು ತಿಂಗಳ ಗಂಡು ಕೂಸು. ತಡಮಾಡದೆ ಅವಳಿಗೆ ಫೋನು ಮಾಡಿದೆ.

"ಅಣ್ಣಾ, ಜ್ವರ ಬಿಡವಲ್ದು. ಕುಡದ ಹಾಲೆಲ್ಲಾ ವಾಂತಿ ಮಾಡ್ತದ. ದೃಷ್ಟಿ ಆಗ್ಯದ ಅಂತಾರ ನಮ್ಮತ್ತಿ."

ಪಕ್ಕದಲ್ಲಿದ್ದ ಜಯಮ್ಮ, "ಫೋನಲ್ಲಿ ಮುಗಿಯೋ ಮಾತಲ್ಲ ಕಣ್ ಸಾ, ಒಂಟ್ಬುಡಿ" ಎಂದರು.

ಹೊರಟೆ. ಇಂಡಿ ಮುಟ್ಟಿ, ಇದು ಹುಟ್ಟಿನಿಂದ ಬಂದ ರೋಗವಿರಬಹುದು, ಕೂಸನ್ನು ಆಸ್ಪತ್ರೆಗೆ ಒಯ್ಯೋಣ ಎಂದಾಗ ತಂಗಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ನಮ್ಮ ಮನ್ಯಾಗ ಇಂಥಾ ರೋಗ ಇಲ್ಲ."

"ನಿಮ್ಮನಿದಲ್ರೀ ಅವ್ವಾರ, ನಮ್ಮನಿದು. ನನಗೂ ಅದ," ಎಂದು ನನ್ನ ವರದಿ ಮುಂದಿಟ್ಟೆ. ಅವರು ಸರಿದರು. ಕೂಸನ್ನು ಎತ್ತಿಕೊಂಡು ವಿಜಯಪುರದ ಆಸ್ಪತ್ರೆಗೆ ಓಡಿದೆವು. ಅದೇ ರೋಗ. ಅಳತೆ ನೋಡಿ ನೋಡಿ ನೀರು ಕೊಟ್ಟರು. ಮೂರನೇ ದಿನ ಕೂಸು ಕಣ್ಣರಳಿಸಿ ನೋಡಿದಾಗ ಎಲ್ಲರೆದುರೇ ಅತ್ತುಬಿಟ್ಟೆ.

ಈಗ ಮರಳಿ ಬಂದಿದ್ದೇನೆ. ಊರಿಗೆ ವರ್ಗ ಮಾಡಿಸಿಕೋ ಎಂದು ತಂಗಿ ಹಟ ಹಿಡಿದಿದ್ದಾಳೆ. ಹೂಂ ಎನ್ನಲು ಹೋದರೆ ಜಯಮ್ಮನ ಬೇರೆ ಪಾತ್ರೆ ನೆನಪಾಗುತ್ತದೆ. ದಿನಾ ಬೆಳಗ್ಗೆ ಅವರು ಚೊಂಬು ತುಂಬಿ ನನ್ನ ಮುಂದಿಡುತ್ತಾರೆ. ಎಷ್ಟೇ ಬಾಯಾರಿದ್ದರೂ ನಾನು ಅದನ್ನು ಮುಟ್ಟುವ ಮೊದಲು ಇಂಡಿಗೆ ಫೋನು ಮಾಡಿ, ಕೂಸು ನೀರು ಕುಡಿಯಿತೇ ಎಂದು ಕೇಳುತ್ತೇನೆ.