ದನಿಗೆ ಗೋಡೆ ಕಟ್ಟುವ ಗುರುಶಾಂತಯ್ಯ

ಸೂರ್ಯ ಇನ್ನೂ ಹುಟ್ಟಿಲ್ಲ. ಗಂಗೆಯ ಆಚೆ ದಂಡೆಯ ಮರಳಿನ ಮೇಲೆ ಮಾಘದ ಮಂಜು ಮೊಣಕಾಲುದ್ದ ನಿಂತಿದೆ. ಗುರುಶಾಂತಯ್ಯ ಮಫ್ಲರ್ ಬಿಚ್ಚಿ ಕಿವಿ ಬಯಲು ಮಾಡಿಕೊಂಡು, ಹೆಂಡತಿಗೆ ಬೆನ್ನು ಕೊಟ್ಟು, ಹದಿನೈದು ಹೆಜ್ಜೆ ದೂರದಲ್ಲಿ ನಿಂತಿದ್ದಾರೆ. ಹೆಂಡತಿ ದಾನಮ್ಮ ಶಾಲು ಹೊದ್ದು ಮಣೆಯ ಮೇಲೆ ಕೂತಿದ್ದಾರೆ. ಕೈಯಲ್ಲಿ ಮೈಕು. ಪಕ್ಕದಲ್ಲಿ ಒಂದು ಮರದ ಸ್ಪೀಕರ್ ಪೆಟ್ಟಿಗೆ, ಎಡಕ್ಕೂ ಬಲಕ್ಕೂ ತೆರೆದಿಟ್ಟ ಎರಡು ಬಾಗಿಲು.

“ಜ್ವಾಳ,” ಎನ್ನುತ್ತಾರೆ ದಾನಮ್ಮ.

“ಬಾಯಿ,” ಎನ್ನುತ್ತಾರೆ ಗುರುಶಾಂತಯ್ಯ, ತಿರುಗದೆ.

“ಸಜ್ಜಿ.”

“ಡಬ್ಬಿ.”

“ಪುಂಡಿಪಲ್ಯ.”

ಸ್ವಲ್ಪ ತಡೆದು, “ಬಾಯಿ.”

“ತಪ್ಪ್ರಿ. ಡಬ್ಬಿ ಅದು,” ಎಂದು ದಾನಮ್ಮ ನಗುತ್ತಾರೆ. ಗಂಡನ ಮುಖವೂ ಅರಳುತ್ತದೆ. ಈ ಪರೀಕ್ಷೆಯಲ್ಲಿ ತಪ್ಪಿದವನೇ ಪಾಸು. ಹೆಂಡತಿ ಬರಿಗಂಟಲಲ್ಲಿ ಹೇಳಿದ್ದು ಯಾವುದು, ಪೆಟ್ಟಿಗೆಯಿಂದ ಬಂದದ್ದು ಯಾವುದು ಎಂದು ಕಿವಿಗೆ ತಿಳಿಯುತ್ತಿರುವವರೆಗೆ ಪೆಟ್ಟಿಗೆ ಇನ್ನೂ ಹಸಿ. ತಿಳಿಯದಂತಾದ ದಿನ ಅದು ಹಣ್ಣಾಯಿತು.

ದೋಣಿಯ ಅಂಚಿನಲ್ಲಿ ಕೂತು ಬೀಡಿ ಸೇದುತ್ತಿರುವ ಮನೋಜ್‌ಗೆ ಇದೆಲ್ಲ ಸೋಜಿಗ. ಒಂಬತ್ತು ದಿನದಿಂದ ಅವನೇ ಇವರನ್ನು ಈ ಬಯಲಿಗೆ ದಾಟಿಸುತ್ತಿದ್ದಾನೆ. “ಭೌಜಿ ಕಾ ಬೋಲತ್ ಹಈ ಗುರು? ಕೌನೋ ಮಂತರ್ ಹೌ ಕಾ?” ಎಂದು, ಅತ್ತಿಗೆ ಹೇಳುತ್ತಿರುವುದು ಯಾವ ಮಂತ್ರವೆಂದು ಕೇಳುತ್ತಾನೆ. ಮಂತ್ರವಲ್ಲ, ನಮ್ಮ ಕಡೆಯ ಕಾಳುಕಡಿಯ ಹೆಸರು ಎಂದರೆ ಅವನು ನಂಬುವುದಿಲ್ಲ. ಕಾಳಿನ ಹೆಸರು ಹೇಳುವುದಕ್ಕೆ ಯಾರಾದರೂ ಈ ಚಳಿಯಲ್ಲಿ ಹೊಳೆ ದಾಟುತ್ತಾರೆಯೇ?

ದಾಟುವುದಕ್ಕೆ ಕಾರಣವಿದೆ. ಇವತ್ತು ಏಳು ಗಂಟೆಗೆ ಈಚೆ ದಂಡೆಯ ಕಾಶಿಯ ಘಾಟಿನಲ್ಲಿ ಸಿಂಧನೂರಿನಿಂದ ಬಂದ ಇಪ್ಪತ್ತೆರಡು ಮಂದಿ ಸಂಕಲ್ಪಕ್ಕೆ ಕೂರುತ್ತಾರೆ. ಅವರಿಗೆ ಮಂತ್ರ ಹೇಳಿಕೊಡಬೇಕಾದ ಪವಮಾನಾಚಾರ್ಯರ ಗಂಟಲು ಕಳೆದ ಆಷಾಢದಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಪಿಸುಮಾತಿಗೆ ಇಳಿದಿದೆ. ನಲವತ್ತೊಂದು ವರ್ಷ ಅದೇ ಮೆಟ್ಟಿಲ ಮೇಲೆ ಕೂತ ಆಚಾರ್ಯರು ಮುಂದೆಯೂ ಕೂರುವುದೋ ಬೇಡವೋ ಎಂಬುದು ಈಗ ಈ ಪೆಟ್ಟಿಗೆಯ ಮೇಲಿದೆ.

ಗುರುಶಾಂತಯ್ಯನವರಿಗೆ ಈಗ ಐವತ್ತೇಳು. ಆಳಂದ ಕಡೆಯ ಹಳ್ಳಿಯವರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೋದರಮಾವನ ಬೆನ್ನು ಹತ್ತಿ ಕಾಶಿಗೆ ಬಂದು, ಜಂಗಮವಾಡಿಯ ಗಲ್ಲಿಯಲ್ಲಿ ಕೋಣೆ ಹಿಡಿದರು. ಭೇಲೂಪುರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಹದಿನಾಲ್ಕು ವರ್ಷ ದುಡಿದರು. ಜನ ರೇಡಿಯೋ ರಿಪೇರಿ ಮಾಡಿಸುವುದು ಬಿಟ್ಟಾಗ ಅಂಗಡಿಯ ಬಾಗಿಲು ಬಿತ್ತು. ರಿಪೇರಿ ಕೆಲಸ ಮಾತ್ರ ಇವರ ಕೈ ಬಿಡಲಿಲ್ಲ. ಈಗ ಹಗಲೆಲ್ಲ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ದಿನಕ್ಕೆ ಎಂಟೊಂಬತ್ತು ಕೈ ದಾಟುತ್ತವೆ. ಬೆಳಗಿನ ನಾಲ್ಕೂವರೆಯಿಂದ ಏಳರವರೆಗೆ ಮಾತ್ರ ಸ್ಪೀಕರ್ ಪೆಟ್ಟಿಗೆಗಳು. ಗಲ್ಲಿಯಲ್ಲಿ ಮೋಟಾರ್ ಸೈಕಲ್ಲುಗಳು ಎದ್ದವೆಂದರೆ ಕಿವಿಯ ಕೆಲಸ ಮುಗಿಯಿತು.

ವರ್ಷಕ್ಕೆ ಹದಿನೆಂಟಿಪ್ಪತ್ತು ಪೆಟ್ಟಿಗೆ ಮಾಡುತ್ತಾರೆ. ಎಲ್ಲದರಲ್ಲೂ ಒಂದೇ ಸ್ಪೀಕರ್. ಕೆಳಗಿನ ದನಿ, ಮೇಲಿನ ದನಿ ಎರಡೂ ಅದರಿಂದಲೇ ಬರಬೇಕು.

“ಎರಡು ಮೂರು ಬಾಯಿ ಕೂಡಿಸಿದ್ರ ಒಂದು ಗುಂಯ್ ಅಂತದ, ಇನ್ನೊಂದು ಚಿಣ್ ಅಂತದ. ಅತ್ತಿ ಸೊಸಿ ಒಂದೇ ಒಲಿ ಮುಂದ ಕೂತ್ಹಂಗ,” ಎನ್ನುತ್ತಾರೆ. “ಮನಷ್ಯಾಗ ಬಾಯಿ ಒಂದೇ ಅಲ್ರೀ? ಡಬ್ಬಿಗೂ ಒಂದೇ ಸಾಕು. ಆದ್ರ ಒಂದೇ ಬಾಯಿ ಇದ್ದಾಗ ಮೈ ಛಲೋ ಇರಬೇಕು.”

ಮೈ ಎಂದರೆ ಮರ. ಕೆಡವಿದ ಹಳೆಯ ಮನೆಗಳ ಬಾಗಿಲು ಎಲ್ಲಿ ಮಾರಾಟಕ್ಕಿದ್ದರೂ ಗುರುಶಾಂತಯ್ಯನವರಿಗೆ ಸುದ್ದಿ ಮುಟ್ಟುತ್ತದೆ. ಸಂತೆಯಲ್ಲಿ ಹೆಂಗಸರು ಗಡಿಗೆ ಬಡಿದು ನೋಡುವಂತೆ ಗೆಣ್ಣಿನಿಂದ ಹಲಗೆ ಬಡಿದು, ಕಿವಿಯಿಟ್ಟು, ತಲೆಯಾಡಿಸಿಯೋ ಆಡಿಸದೆಯೋ ಮುಂದೆ ಹೋಗುತ್ತಾರೆ. ಪೆಟ್ಟಿಗೆಯೊಳಗೆ ದನಿ ತಿರುಗಿ ತಿರುಗಿ ಗದ್ದಲ ಮಾಡದಿರಲೆಂದು ಬೇರೆಯವರು ಸ್ಪಂಜು ಅಂಟಿಸಿದರೆ ಇವರು ಕಂಬಳಿ ಅಂಟಿಸುತ್ತಾರೆ. ನಮ್ಮ ಕಡೆಯ ಕುರುಬರು ನೇಯ್ದ ಕರಿ ಕಂಬಳಿಯೇ ಆಗಬೇಕು, ಅದೂ ಹಳೆಯದು. ಊರಿಂದ ಯಾರು ಬರುತ್ತಾರೆಂದು ತಿಳಿದರೂ ಫೋನು ಹಚ್ಚಿ ಹೇಳುವುದು ಇದೊಂದೇ: “ಹೊಸಾದು ಬ್ಯಾಡ್ರಿ. ಹೊದ್ದು ಹೊದ್ದು ಸವದದ್ದು ತರ್ರಿ.”

ಕಷ್ಟ ಕೇಳಿದರೆ ಎಡಗೈಯ ತೋರುಬೆರಳು ತೋರಿಸುತ್ತಾರೆ. ತುದಿ ಇಲ್ಲ, ಗರಗಸ ತಿಂದಿದೆ. ಒಂದು ಮಳೆಗಾಲದಲ್ಲಿ ಗಂಗೆ ಏರಿದಾಗ ಕೋಣೆಗೆ ತೇವ ಹೊಕ್ಕು ಹನ್ನೊಂದು ಪೆಟ್ಟಿಗೆ ಒಟ್ಟಿಗೆ ಉಬ್ಬಿ ಬಾಯಿ ಬಿಟ್ಟವು. ಅವುಗಳ ಹಲಗೆಯಿಂದಲೇ ಚಳಿಗಾಲವೆಲ್ಲ ನೀರು ಕಾಸಿಕೊಂಡೆವೆಂದು ದಾನಮ್ಮ ನೆನೆಯುತ್ತಾರೆ. “ಅಷ್ಟು ಛಂದ ಸುಡೋ ಕಟ್ಟಿಗಿ ನಾ ಮತ್ತ ನೋಡಿಲ್ಲ,” ಎಂಬುದು ಅವರ ಚಾಟಿ.

ಪವಮಾನಾಚಾರ್ಯರು ರಾಯಚೂರು ಸೀಮೆಯವರು, ನಾಮದವರು. ಇವರು ವಿಭೂತಿಯವರು. ಇಬ್ಬರ ಸ್ನೇಹಕ್ಕೆ ಮೂವತ್ತು ವರ್ಷ. ಹೋದ ಮಾರ್ಗಶಿರದಲ್ಲಿ ಆಚಾರ್ಯರು ಗಲ್ಲಿಗೆ ಬಂದು, ಹೊಸ್ತಿಲಲ್ಲೇ ಕೂತು, “ಗುರುಶಾಂತಯ್ಯ, ನನ್ನ ದನಿ ಎರಡು ಮೊಳ ದಾಟೂದಿಲ್ಲಪಾ,” ಎಂದರು. ಘಾಟಿನಲ್ಲಿ ಭೋಂಪು ಎನ್ನುವ ತಗಡಿನ ಕೊಂಬಿನ ಲೌಡ್‌ಸ್ಪೀಕರ್ ಹಚ್ಚಿ ನೋಡಿದ್ದರು. ಅದು ಪಿಸುಮಾತನ್ನು ಸಿಳ್ಳೆ ಮಾಡಿ ಎಸೆಯುತ್ತಿತ್ತು. ಸಂಕಲ್ಪದಲ್ಲಿ ಒಂದೊಂದು ಮಾತೂ ಕೇಳಿಸಬೇಕು, ಕೇಳಿದ್ದನ್ನು ಕೂತವರು ತಿರುಗಿ ಹೇಳಬೇಕು. ಕೇಳಿಸದಿದ್ದರೆ ಅಷ್ಟು ದೂರದಿಂದ ಬಂದವರು ಯಾಕೆ ಕೂರಬೇಕು?

“ಮಾಡಿಕೊಡ್ತೀನ್ರಿ ಆಚಾರ್ರ. ಡಬ್ಬಿಗಿ ನಾಮ ಬಳೀಲೋ, ವಿಭೂತಿ ಹಚ್ಚಲೋ?”

“ಎರಡೂ ಬ್ಯಾಡೋ ಮಾರಾಯಾ, ವಾರ್ನಿಶ್ ಹಚ್ಚು.”

ಹದಿನೆಂಟು ದಿನದಲ್ಲಿ ಪೆಟ್ಟಿಗೆಯಾಯಿತು. ಕೋಣೆಯ ಮೂಲೆಯಲ್ಲಿಟ್ಟು ದಾನಮ್ಮನಿಂದ ಜೋಳ, ಸಜ್ಜೆ ಹೇಳಿಸಿದಾಗ ಗುರುಶಾಂತಯ್ಯ ಆರಕ್ಕೆ ಐದು ತಪ್ಪಿದರು. ಇಷ್ಟು ಚೆನ್ನಾಗಿ ಅವರು ಯಾವತ್ತೂ ತಪ್ಪಿರಲಿಲ್ಲ. ಎಲ್ಲರಿಗೂ ಕಾಣಲೆಂದು ಎತ್ತರದ ಸ್ಟೂಲಿನ ಮೇಲೆ ಘಾಟಿನಲ್ಲಿ ಇಟ್ಟರು. ಗಂಗಾವತಿಯ ಹತ್ತೊಂಬತ್ತು ಮಂದಿ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಕೂತರು. ನೀರಿನ ಅಂಚಿನ ಮರದ ಚೌಕಿಯ ಮೇಲೆ ಕೂತ ಆಚಾರ್ಯರು ಬಾಯಿ ತೆರೆದ ಕೂಡಲೇ ಹತ್ತೊಂಬತ್ತು ತಲೆಗಳೂ ಒಟ್ಟಿಗೆ ಪೆಟ್ಟಿಗೆಯ ಕಡೆ ತಿರುಗಿದವು.

“ತಗಡಿನ ಮ್ಯಾಲ ಕಾಳು ಸುರದ್ಹಂಗ ಕೇಳ್ತದಲ್ರೀ,” ಎಂದರು ಒಬ್ಬ ಹಿರಿಯರು. ತಪ್ಪಿರಲಿಲ್ಲ. ದನಿಯ ಮೂಳೆ ಇತ್ತು, ಮಾಂಸವೇ ಇರಲಿಲ್ಲ. ಕೊನೆಗೆ ಪಕ್ಕದ ಚೌಕಿಯ ಪುರೋಹಿತರು ಎದ್ದುಬಂದು ಹೆಸರು, ಗೋತ್ರ ಹೇಳಿಸಿ ಮುಗಿಸಿದರು. ಆಚಾರ್ಯರು ಶಲ್ಯ ಕೊಡವಿ ಎದ್ದರು.

“ನಿನ್ನದೇನೂ ತಪ್ಪಿಲ್ಲೋ,” ಎಂದರು. “ಮಾಘದಾಗ ಸಿಂಧನೂರಿನವರು ಬರ್ತಾರ. ಅವರ ಮುಂದೂ ಹಿಂಗ ಆದ್ರ ನನ್ನ ಕಡೆ ಸಂಕಲ್ಪಕ್ಕ ಬರೋ ಯಜಮಾನರ ಮನಿಗಳನ್ನೆಲ್ಲ ಈ ಪಕ್ಕದ ಚೌಕಿಯವರಿಗೇ ಒಪ್ಪಿಸಿ ಬಿಡ್ತೀನಿ.”

ಗುರುಶಾಂತಯ್ಯ ಪೆಟ್ಟಿಗೆ ಹೊತ್ತು ಮನೆಗೆ ಬಂದು, ಅದೇ ಮೂಲೆಯಲ್ಲಿಟ್ಟು, ಅದೇ ಮಾತು ಹೇಳಿಸಿದರು. ತುಂಬುದನಿ. ಹೊರಗೆ ಒಯ್ದರೆ ಬಡಕಲು, ಒಳಗೆ ತಂದರೆ ತುಂಬುದನಿ. ಎರಡು ದಿನ ಪೆಟ್ಟಿಗೆ ಬಿಚ್ಚಿದರು, ಕಂಬಳಿ ಬದಲಿಸಿದರು, ಗಾಳಿಯ ಕಿಂಡಿ ಉದ್ದ ಮಾಡಿದರು, ಗಿಡ್ಡ ಮಾಡಿದರು. ಮೂರನೇ ದಿನ ರೊಟ್ಟಿ ಬಡಿಯುತ್ತಿದ್ದ ದಾನಮ್ಮ ತಲೆಯೆತ್ತದೆ ಒಂದು ಮಾತು ಹೇಳಿದರು.

“ಇಲ್ಲಿ ಮೂರು ಕಡಿ ಗ್ವಾಡಿ ಅದಾವ್ರಿ. ಅಲ್ಲಿ ಏನದ? ನೀರು.”

ಆ ಕೋಣೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಹೊರಗಿನ ಗಲ್ಲಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕು. ಮೂವತ್ತೆಂಟು ವರ್ಷ ಕಲ್ಲಿನ ಸಂದಿಯಲ್ಲೇ ಕೂತು ಕೇಳಿದ ಕಿವಿ ಅದು. ಕೆಳದನಿ ಹಿಂದಕ್ಕೆ ಹರಿದು ಹೋಗದಂತೆ ಗೋಡೆಗಳು ತಡೆದು ಮುಂದಕ್ಕೆ ಕಳಿಸುತ್ತಿದ್ದವು. “ಅರ್ಧ ದನಿ ಗಲ್ಲಿನೇ ಮಾಡ್ತಿತ್ರಿ. ನಾ ಅದನ್ನೂ ನಂದೇ ಅಂತ ತಿಳ್ಕೊಂಡಿದ್ದೆ,” ಎಂದು ಗುರುಶಾಂತಯ್ಯ ಈಗ ಹೇಳುತ್ತಾರೆ. ಹೇಳುವಾಗ ಹಣೆ ಉಜ್ಜಿಕೊಳ್ಳುತ್ತಾರೆ.

ಘಾಟಿಗೆ ಗೋಡೆ ಒಯ್ಯಬೇಕು, ಬೇರೆ ದಾರಿಯಿಲ್ಲ. ಮನೋಜ್‌ನ ಮುರಿದ ದೋಣಿಯೊಂದರ ಹಲಗೆಗಳು ದಂಡೆಯ ಮೇಲೆ ಬಿದ್ದಿದ್ದವು. ಹತ್ತಾರು ವರ್ಷ ನೀರು ಕುಡಿದು ಒಣಗಿದ ಹಲಗೆ, ಇನ್ನು ಉಬ್ಬುವುದಿಲ್ಲ. ಅದನ್ನು ತೆಳ್ಳಗೆ ಹೆರೆದು, ಸ್ಪೀಕರಿನ ಎಡಬಲಕ್ಕೆ ಕೀಲು ಹಾಕಿ ಎರಡು ಬಾಗಿಲು ಕೂರಿಸಿದರು. ತೆರೆದರೆ ಎರಡು ಮೊಳದ ಗೋಡೆ, ಮುಚ್ಚಿದರೆ ಕಂಕುಳಲ್ಲಿ ಹಿಡಿಯುವ ಕಪಾಟು. ಸ್ಟೂಲು ಬಿಟ್ಟು ನೆಲಕ್ಕೇ ಇಟ್ಟರು. ನೆಲವೂ ಒಂದು ಗೋಡೆಯೇ ತಾನೆ. ಒರೆ ಹಚ್ಚುವುದಕ್ಕೆ ಕೋಣೆ ಬಿಟ್ಟು ಗೋಡೆಯೇ ಇಲ್ಲದ ಈ ಮರಳಿಗೆ ಬಂದರು. ಮೊದಲ ದಿನ ಆರಕ್ಕೆ ಒಂದು ತಪ್ಪು. ಐದನೇ ದಿನ ಮೂರು. ಇವತ್ತು ನಾಲ್ಕು.

“ಸಾಕು. ದಾಟೂಣು ನಡೀ,” ಎನ್ನುತ್ತಾರೆ.

ಏಳಕ್ಕೆ ಘಾಟಿನಲ್ಲಿ ಬಿಸಿಲು ಮೂಡಿದೆ. ಇಪ್ಪತ್ತೆರಡು ಮಂದಿ ಒದ್ದೆ ಕೂದಲಲ್ಲಿ ಹೊಳೆಗೆ ಮುಖ ಮಾಡಿ ಕೂತಿದ್ದಾರೆ. ಚೌಕಿಯ ಮೇಲಿನ ಆಚಾರ್ಯರ ಮೊಣಕಾಲಿನ ಪಕ್ಕದಲ್ಲೇ ಕಲ್ಲಿನ ಮೇಲೆ ಪೆಟ್ಟಿಗೆ ಬಾಗಿಲು ತೆರೆದು ಕೂತಿದೆ. ಗುರುಶಾಂತಯ್ಯ ಎಲ್ಲರಿಗಿಂತ ಮೇಲಿನ ಮೆಟ್ಟಿಲಿಗೆ ಹೋಗಿ, ದಾನಮ್ಮನ ಪಕ್ಕ ಕೂರುತ್ತಾರೆ. ಈಗ ಅವರ ಕಿವಿ ಅಲ್ಲ, ಕಣ್ಣು ಕೆಲಸ ಮಾಡುತ್ತಿದೆ. ಕಣ್ಣಿರುವುದು ಇಪ್ಪತ್ತೆರಡು ತಲೆಗಳ ಮೇಲೆ.

ಆಚಾರ್ಯರು ಆಚಮನ ಮಾಡಿ, ಒಮ್ಮೆ ಮೇಲಕ್ಕೆ ನೋಡಿ, ಬಾಯಿ ತೆರೆಯುತ್ತಾರೆ. “ಎಲ್ಲಾರೂ ಕೈಯಾಗ ನೀರು ತೊಗೊಳ್ರಿ.” ಗಟ್ಟಿಯೇನಲ್ಲ. ಮನೆಯ ಪಡಸಾಲೆಯಲ್ಲಿ ಅಜ್ಜ ಮಾತಾಡಿದಷ್ಟು ದನಿ, ಅಜ್ಜ ಮಾತಾಡಿದಂಥದೇ ದನಿ. ಇಪ್ಪತ್ತೆರಡು ಕೈಗಳು ನೀರಿಗೆ ಚಾಚುತ್ತವೆ. ತಲೆಗಳು ಆಚಾರ್ಯರ ಮುಖದ ಕಡೆಗೇ ಇವೆ. ಒಂದು ತಲೆಯೂ ಪೆಟ್ಟಿಗೆಯ ಕಡೆ ತಿರುಗಿಲ್ಲ. ಹೆಸರು ಬರುತ್ತದೆ, ಗೋತ್ರ ಬರುತ್ತದೆ, ತೀರಿಕೊಂಡವರ ಹೆಸರುಗಳು ಬರುತ್ತವೆ. ಹಿಂದಿನ ಸಾಲಿನ ಮುದುಕಿಯೊಬ್ಬಳು ಒಂದು ಅಕ್ಷರ ಬಿಡದೆ ತಿರುಗಿ ಹೇಳುತ್ತಿದ್ದಾಳೆ.

ಮುಗಿದ ಮೇಲೆ ಸಿಂಧನೂರಿನವರು, ಬರುವ ಮಾಘಕ್ಕೂ ತಾವೇ ಕೂರಬೇಕೆಂದು ಆಚಾರ್ಯರಿಗೆ ಕೈಮುಗಿಯುತ್ತಾರೆ. ಆಚಾರ್ಯರು, “ಆಗಲಿ, ಕೂತರಾತು,” ಎಂದಷ್ಟೇ ಹೇಳಿ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಗುರುಶಾಂತಯ್ಯ ಇಳಿದುಬಂದು ಪೆಟ್ಟಿಗೆಯ ಬಾಗಿಲು ಮಡಚುತ್ತಿದ್ದಾರೆ. ಹಿಂದಿನ ಸಾಲಿನ ಮುದುಕಿ ಕೋಲೂರಿಕೊಂಡು ಬಂದು ನಿಲ್ಲುತ್ತಾಳೆ.

“ಇದು ಏನೋ ಯಪ್ಪಾ, ದೇವರ ಪೆಟಗಿ ಏನು?”

“ಹೌದು ಯವ್ವಾ. ಆಚಾರ್ರ ಪೆಟಗಿ.”

ಮುದುಕಿ ಬಗ್ಗಿ ಪೆಟ್ಟಿಗೆ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಮೆಟ್ಟಿಲು ಹತ್ತುತ್ತಾಳೆ. ದಾನಮ್ಮನಿಗೆ ನಗು ತಡೆಯುವುದಿಲ್ಲ.

“ಖರೇ ಹೇಳಬಾರದಾಗಿತ್ತೇನ್ರಿ? ಪಾಪ, ನಮಸ್ಕಾರ ಮಾಡಿ ಹೋದ್ಲು.”

ಗುರುಶಾಂತಯ್ಯ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಕಂಕುಳಿಗೆ ಏರಿಸುತ್ತಾರೆ.

“ಇದರಾಗಿಂದ ದನಿ ಬಂತು ಅಂತನೇ ಆಕಿಗಿ ಗೊತ್ತಿಲ್ಲ,” ಎನ್ನುತ್ತಾರೆ. “ಹೇಳಿ ಯಾಕ ಕೆಡಸೂದು?”