ಎಲೆ ಎತ್ತಿದ ಕೆಂಚವ್ವ

ಬೈಲಹೊಂಗಲದ ಪೇಟೆಯಲ್ಲಿ ಕೆಂಚವ್ವನ ಬಳೆ ಅಂಗಡಿಗೆ ಅಂಟಿಕೊಂಡೇ ನನ್ನ ಪಾತ್ರೆ ಅಂಗಡಿ ಇದೆ. ನಡುವೆ ಒಂದೇ ಗೋಡೆ. ಆಕೆ ಗಿರಾಕಿಗಳನ್ನು ಬೈಯುವುದೆಲ್ಲ ನನಗೆ ಕೇಳುತ್ತದೆ, ನಾನು ಗಿರಾಕಿಗಳಿಗೆ ಹೇಳುವ ಸುಳ್ಳೆಲ್ಲ ಆಕೆಗೆ ಕೇಳುತ್ತದೆ. ಹಾಗಾಗಿ ಇಷ್ಟು ವರ್ಷ ಒಬ್ಬರಿಗೊಬ್ಬರು ಹೆದರಿಕೊಂಡೇ ಚೆನ್ನಾಗಿದ್ದೇವೆ.

ಗಂಡ ತೀರಿಕೊಂಡಾಗ ಆಕೆಯ ಮೈದುನರು ಅಂಗಡಿ ಮಾರಿಬಿಡೋಣ ಎಂದರು. ಗಂಡ ಸತ್ತವಳ ಕೈಯಿಂದ ಯಾವ ಮುತ್ತೈದೆ ಬಳೆ ಇಡಿಸಿಕೊಳ್ಳುತ್ತಾಳೆ ಎಂಬುದು ಅವರ ಲೆಕ್ಕ. ಕೆಂಚವ್ವ ತಿಂಗಳು ಕಳೆಯುವುದರೊಳಗೆ ಕೈತುಂಬ ಹಸಿರು ಬಳೆ ಇಟ್ಟುಕೊಂಡು ಅಂಗಡಿಯ ಗಲ್ಲೆಯ ಮೇಲೆ ಬಂದು ಕೂತಳು. ಕೇಳಿದವರಿಗೆ, "ನನ್ನ ಕೈ ನೋಡಿ ಗಿರಾಕಿ ಬರೂದು. ಬೋಳ ಕೈಲೆ ಬಳಿ ಮಾರಲ್ಯಾ?" ಎಂದಳು. ಮೊದಲು ಮದುವೆಯಾಗದ ಹುಡುಗಿಯರು ಬಂದರು, ಆಮೇಲೆ ಅವರ ತಾಯಂದಿರು ಬಂದರು. ಈಗ ಸವದತ್ತಿಯ ಗುಡ್ಡದ ದೇವಿಗೆ ಹೋಗುವವರು ಸಹ ಹಸಿರು ಬಳೆಗೆ ಆಕೆಯ ಅಂಗಡಿಗೇ ಬರುತ್ತಾರೆ.

ಇಂಥ ಗಟ್ಟಿಗಿತ್ತಿಯನ್ನು ನೆಲಕ್ಕೆ ಕೆಡವಿದ್ದು ಮೂತ್ರಪಿಂಡದ ಕಲ್ಲು. ನಮ್ಮ ಪೇಟೆಯಲ್ಲಿ ಹೆಂಗಸರಿಗೆ ಒಂದೂ ಶೌಚಾಲಯ ಇರಲಿಲ್ಲ. ಮನೆ ದೂರ, ಅಂಗಡಿ ಬಿಟ್ಟು ಹೋಗುವಂತಿಲ್ಲ. ಮುಂಜಾನೆ ಅರ್ಧ ಕಪ್ಪು ಚಹಾ ಕುಡಿದರೆ ಬಾಗಿಲು ಹಾಕುವತನಕ ಆಕೆ ಹನಿ ನೀರು ಮುಟ್ಟುತ್ತಿರಲಿಲ್ಲ. ಕಾಯಿಪಲ್ಲೆ ಮಾರುವವರು, ಸಂಪಗಾಂವದಿಂದ ಸಂತೆಗೆ ಬರುವವರು, ಎಲ್ಲ ಹೆಂಗಸರದೂ ಇದೇ ಪಾಡು. ಧಾರವಾಡದ ಡಾಕ್ಟರು ನೀರು ಹೆಚ್ಚು ಕುಡಿಯಿರಿ ಎಂದು ಬರೆದುಕೊಟ್ಟರೆ, "ಕುಡದ ಮ್ಯಾಲ ಎಲ್ಲಿ ಹೋಗಬೇಕು, ಅದನ್ನೂ ಬರದ ಕೊಡ್ರಿ" ಎಂದು ಕೇಳಿ ಬಂದಿದ್ದಳು.

ನಮ್ಮೂರಲ್ಲಿ 'ಮುಂಜಾನೆ ವ್ಯಾಪಾರಿ ಬಳಗ' ಅಂತ ಒಂದಿದೆ. ತಿಂಗಳಿಗೊಮ್ಮೆ ಭಾನುವಾರ ಕಲ್ಯಾಣಮಂಟಪದಲ್ಲಿ ಸೇರಿ ಉಪ್ಪಿಟ್ಟು, ಶಿರಾ ತಿನ್ನುತ್ತೇವೆ. ಒಬ್ಬೊಬ್ಬರಾಗಿ ಎದ್ದು ನಮ್ಮ ಧಂಧೆ ಏನು, ನಮಗೆ ಏನು ಬೇಕು ಎಂದು ಹೇಳಿಕೊಳ್ಳುತ್ತೇವೆ. ಅಧ್ಯಕ್ಷರು ಹತ್ತಿ ಮಿಲ್ಲಿನ ಬಸಲಿಂಗಪ್ಪ ಸಾಹುಕಾರರು. ವರ್ಷಕ್ಕೊಂದು ಊರ ಕೆಲಸವನ್ನೂ ಮಾಡುತ್ತೇವೆ. ಊರ ಕೆಲಸ ಎಂದರೆ ನಮ್ಮ ಹೆಸರು ಬರೆಸಲು ಜಾಗ ಇರುವ ಕೆಲಸ. ಒಮ್ಮೆ ಕಲ್ಲಿನ ಬೆಂಚು ಹಾಕಿಸಿದೆವು. ಕೂತವರ ಬೆನ್ನಿಗೆ ನಮ್ಮ ಹೆಸರು ಒತ್ತುತ್ತದೆ, ಅಷ್ಟು ದಪ್ಪ ಅಕ್ಷರ.

ಕೆಂಚವ್ವ ಬಳಗ ಸೇರಿದಳು. ತನ್ನ ಸರದಿ ಬಂದಾಗ ಎದ್ದು ನಿಂತು, "ನಂದು ಬಳಿ ಅಂಗಡಿ. ನನಗ ಗಿರಾಕಿ ಬ್ಯಾಡ, ಪ್ಯಾಟ್ಯಾಗ ಹೆಂಗಸರಿಗೆ ಒಂದು ಪಾಯಖಾನಿ ಬೇಕು" ಎಂದಳು. ಎಲ್ಲರೂ ತಮ್ಮ ತಮ್ಮ ಉಪ್ಪಿಟ್ಟು ನೋಡಿಕೊಂಡರು.

"ತಿನ್ನೂ ಹೊತ್ತಿನ್ಯಾಗ ಇಂಥಾ ಮಾತು ಯಾಕಬೇ?" ಎಂದರು ಬಸಲಿಂಗಪ್ಪ.

"ತಿಂದದ್ದು ಎಲ್ಲಿ ಹೋಗತೈತ್ರಿ ಸಾಹುಕಾರ್ರ? ನಿಮಗೇನು, ಊರಾಗಿನ ಗ್ವಾಡಿ ಎಲ್ಲಾ ನಿಮ್ಮವ. ನಾವೆಲ್ಲಿ ಹೋಗೂಣು?"

ನೋಡೋಣ ಎಂದರು. ನಮ್ಮ ಬಳಗದಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಮುಂದಿನ ತಿಂಗಳೂ ಆಕೆ ಅದನ್ನೇ ಕೇಳಿದಳು, ಅದರ ಮುಂದಿನ ತಿಂಗಳೂ ಕೇಳಿದಳು. ಕೊನೆಗೆ ಆಕೆ ಏಳುವ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಫೋನ್ ಬರತೊಡಗಿತು.

ಊರ ಕೆಲಸ ಹೊರುವವರನ್ನು ಆರಿಸಲು ನಮ್ಮಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ತಾಟಿನಲ್ಲಿ ಎಲೆ ಅಡಿಕೆ ಇಡುತ್ತಾರೆ. ಹೊರುವವರು ಎದ್ದು ಎತ್ತಿಕೊಳ್ಳಬೇಕು. ಯಾವ ಕೆಲಸ ಎನ್ನುವುದು ಎತ್ತಿದವರ ಮಾತು, ಉಳಿದವರು ಅವರ ಬೆನ್ನಿಗೆ ನಿಲ್ಲಬೇಕು. ಎತ್ತಿದ ಎಲೆಯನ್ನು ತಿರುಗಿ ತಾಟಿಗೆ ಇಡುವಂತಿಲ್ಲ. ಈ ಪದ್ಧತಿ ತಂದವರು ಬಸಲಿಂಗಪ್ಪನವರೇ. ಯಾರು ಎತ್ತಬೇಕೆಂಬುದು ಮೊದಲೇ ಅವರ ಮಿಲ್ಲಿನಲ್ಲಿ ತೀರ್ಮಾನವಾಗಿರುತ್ತಿದ್ದ ಕಾರಣ ಯಾವತ್ತೂ ತಕರಾರು ಬಂದಿರಲಿಲ್ಲ.

ಆ ವರ್ಷ ಎತ್ತಬೇಕಾದವನು ಅವರ ಅಳಿಯ, ಗುತ್ತಿಗೆದಾರ ನಿಂಗರಾಜ. ಕಿತ್ತೂರ ಕೋಟೆಯ ಬಾಗಿಲಿನಂಥ ಒಂದು ಸ್ವಾಗತ ಕಮಾನು ಕಟ್ಟಿ, ಅದರ ಮೇಲೆ ಮಾವನ ಹೆಸರು ಕೆತ್ತಿಸುವುದು ಅವನ ಯೋಜನೆ. ಆದರೆ ನಿಂಗರಾಜನಿಗೆ ಶಿರಾ ಕಂಡರೆ ಪ್ರಾಣ. ತಾಟು ಬಂದಾಗ ಎರಡನೇ ಪ್ಲೇಟಿನಲ್ಲಿದ್ದ. ಎಂಜಲು ಕೈಯಿಂದ ಎಲೆ ಮುಟ್ಟುವಂತಿಲ್ಲವಲ್ಲ, ಕೈ ತೊಳೆಯಲು ಎದ್ದು ಹೋದ.

ಕೆಂಚವ್ವ ಎದ್ದಳು. ಬಳೆ ಸಪ್ಪಳ ಮಾಡುತ್ತ ನಡುವೆ ಬಂದು ಎಲೆ ಅಡಿಕೆ ಎತ್ತಿದಳು.

"ಏ ಕೆಂಚವ್ವಾ, ಇಡಬೇ ಅದನ್ನ! ಅದು ನಿಂಗರಾಜಂದು," ಎಂದರು ಬಸಲಿಂಗಪ್ಪ.

"ಆತನ ಹೆಸರು ಎಲಿ ಮ್ಯಾಲ ಬರದಿತ್ತೇನ್ರಿ?" ಎಂದವಳೇ ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. "ಹೆಂಗಸರಿಗೆ ಪಾಯಖಾನಿ. ಇದ ಈ ವರ್ಷದ ಊರ ಕೆಲಸ. ಬೆನ್ನಿಗೆ ನಿಂದ್ರತೀರೋ, ಪದ್ಧತಿ ಮುರೀತೀರೋ, ಈಗ ಹೇಳ್ರಿ."

ನಿಂಗರಾಜ ಒದ್ದೆ ಕೈಯಲ್ಲಿ ಬಂದು ಖಾಲಿ ತಾಟು ನೋಡುತ್ತ ನಿಂತ. ಮಾತಿಗೆ ತಪ್ಪಿದವರು ಎಂದು ಪೇಟೆಯಲ್ಲಿ ಹೆಸರು ಬಿದ್ದರೆ ವ್ಯಾಪಾರಿ ಮುಗಿದ ಹಾಗೆ. ಒಬ್ಬೊಬ್ಬರಾಗಿ ತಲೆ ಆಡಿಸಿದರು. ನನಗಂತೂ ಒಳಗೊಳಗೇ ಸಿಳ್ಳೆ ಹೊಡೆಯುವಷ್ಟು ಖುಷಿಯಾಗಿತ್ತು.

ಆ ಖುಷಿ ಮುಂದಿನ ತಿಂಗಳ ನಾಷ್ಟಾದವರೆಗೆ ಮಾತ್ರ ಉಳಿಯಿತು. ಕೆಲಸ ಒಳ್ಳೆಯದೇ ಎಂದು ಎಲ್ಲರೂ ಹೊಗಳಿದರು, ತಮ್ಮ ಅಂಗಡಿ ಹತ್ತಿರ ಮಾತ್ರ ಬೇಡ ಎಂದರು. ಹೋಟೆಲಿನವರಿಗೆ ವಾಸನೆ ಬರುತ್ತದೆ, ಬಂಗಾರದ ಅಂಗಡಿಯವರಿಗೆ ಲಕ್ಷ್ಮಿ ಮುನಿಯುತ್ತಾಳೆ.

"ಎಲಿ ತಿಂದಿ, ಆತು. ಇನ್ನ ಜಾಗಾ ಎಲ್ಲೈತಿ ಹೇಳಬೇ," ಎಂದು ಬಸಲಿಂಗಪ್ಪ ನಕ್ಕರು.

"ನನ್ನ ಅಂಗಡಿ ಹಿಂದಿನ ಗೋದಾಮು ಕೆಡವ್ರಿ. ಜಾಗಾ ನಂದು, ಹಿತ್ತಲಿಂದ ದಾರಿನೂ ಐತಿ."

ನಾನು ದಡಬಡಿಸಿ ಎದ್ದು ನಿಂತೆ. "ಕೆಂಚವ್ವಾ, ಅದು ನನ್ನ ಗ್ವಾಡಿಗೆ ಹತ್ತಿಕೊಂಡ ಐತಲ್ಲಬೇ!"

ಆಕೆ ನನ್ನತ್ತ ತಿರುಗಿದಳು. "ಪಾಂಡುರಂಗಪ್ಪಾರ, ನಿಮ್ಮ ಮನಿಯವರು ಅಂಗಡಿಗೆ ಬಂದಾಗ ಎಲ್ಲಿ ಹೋಗತಾರ? ಒಮ್ಮೆರೆ ಕೇಳೀರೇನು?"

ಕೂತೆ. ಅವತ್ತು ಮನೆಗೆ ಹೋಗಿ ಹೆಂಡತಿ ಇಂದಿರಾಬಾಯಿಯನ್ನು ಕೇಳಿದೆ. ಆಕೆ ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದಳು: "ಅದಕ್ಕ ನಾ ಅಂಗಡಿಗೆ ಬರೂದು ಬಿಟ್ಟದ್ದು." ಮರುದಿನ ಗೋಡೆಯ ಕಡೆ ಇದ್ದ ನನ್ನ ಹಂಡೆ, ಕೊಡಗಳನ್ನೆಲ್ಲ ಈಚೆ ಸರಿಸಿ ಗಾರೆಯವರಿಗೆ ದಾರಿ ಬಿಟ್ಟೆ.

ಪುರಸಭೆಯ ಪರವಾನಗಿಗೆ ಕೆಂಚವ್ವ ಅಲೆದದ್ದನ್ನು ಹೇಳುತ್ತ ಹೋದರೆ ಮುಗಿಯುವುದಿಲ್ಲ. ಗೋದಾಮಿನಲ್ಲಿದ್ದ ಬಳೆಯ ಡಬ್ಬಿಗಳೆಲ್ಲ ಆಕೆಯ ಮನೆಯ ಮಂಚದ ಕೆಳಗೆ ಹೋದವು. ಪದ್ಧತಿಯಂತೆ ಬೆನ್ನಿಗೆ ನಿಲ್ಲಲೇಬೇಕಾಗಿ, ಮುಖ ಸಿಂಡರಿಸಿಕೊಂಡೇ ನಿಂಗರಾಜ ಕಟ್ಟಡ ಕಟ್ಟಿದ. ಕೆಂಚವ್ವ ಎದುರಿಗೆ ಕುರ್ಚಿ ಹಾಕಿ ಕೂತಿದ್ದರಿಂದ ಚೆನ್ನಾಗಿಯೇ ಕಟ್ಟಿದ. ಅವನು ಮಾವನ ಹೆಸರು ಕೆತ್ತಿದ ಅಮೃತಶಿಲೆಯ ಹಲಗೆ ತಂದಾಗ ಮಾತ್ರ ಆಕೆ ಅದನ್ನು ಗಾಡಿಯಿಂದ ಇಳಿಸಲು ಬಿಡಲಿಲ್ಲ.

ಉದ್ಘಾಟನೆಗೆ ಬಸಲಿಂಗಪ್ಪ ಇಸ್ತ್ರಿ ಧೋತರ ಉಟ್ಟು ಬಂದರು. ಫೋಟೋದವನು ಬಂದ. ಬಾಗಿಲಿಗೆ ಅಡ್ಡ ಕೆಂಪು ಟೇಪು ಕಟ್ಟಿದರು. ಬೆಳಗಾವಿಯಿಂದ ಬರಬೇಕಾದ ಅತಿಥಿಗಳು ಮಾತ್ರ ಬರಲಿಲ್ಲ. ಬಿಸಿಲು ಏರಿತು. ಸಂತೆಯ ಹೆಂಗಸರು ಬುಟ್ಟಿ ಇಳಿಸಿ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ದೊಡವಾಡದ ಬಸ್ಸಿಳಿದು ಶಟ್ಟೆವ್ವ ಎಂಬ ಮುದುಕಿ ಸೆರಗು ಬಿಗಿಹಿಡಿದು ಬಿರಬಿರ ಬಂದಳು. "ಬಾಗಲಾ ತಗದೈತೇನಬೇ ಯವ್ವಾ?" ಎಂದು ಕೇಳಿದಳು.

ಕೆಂಚವ್ವ ಟೇಪನ್ನು ಕೈಯಿಂದ ಮೇಲೆತ್ತಿದಳು. "ಹೋಗಬೇ ಒಳಗ."

"ಏ, ಏ! ದೊಡ್ಡವರು ಇನ್ನೂ ಬಂದಿಲ್ಲ," ಬಸಲಿಂಗಪ್ಪ ಕತ್ತರಿ ಹಿಡಿದೇ ಮುಂದೆ ಬಂದರು. "ಇನ್ನೊಂದು ಅರ್ಧಾ ತಾಸು ಕಾದ್ರ ಏನಾಗತೈತಿ?"

"ನಾವು ಹುಟ್ಟಿದಾಗಿಂದ ಕಾದೇವ್ರಿ ಸಾಹುಕಾರ್ರ. ಅರ್ಧಾ ತಾಸು ನೀವು ಕಾಯ್ರಿ."

ಶಟ್ಟೆವ್ವ ಬಗ್ಗಿ ಒಳಗೆ ಹೋದಳು. ಅವಳ ಹಿಂದೆ ಕಾಯಿಪಲ್ಲೆಯವರು ಒಬ್ಬೊಬ್ಬರಾಗಿ ಬಂದರು. ಕೊನೆಯವಳು ಒಳಗೆ ಹೋಗುವತನಕ ಕೆಂಚವ್ವ ಎತ್ತಿದ ಕೈ ಇಳಿಸಲಿಲ್ಲ.